ಉಪ್ಪುನೀರಿನ ತೊಟ್ಟಿಯ ಪಾಚಿ: ಯಾವುದು ಅಂತ ಗುರುತಿಸಿದ ಮೇಲೆ ಕೈ ಹಾಕಿ

ಸಮುದ್ರದ ಮೀನು, ಹವಳ ಸಾಕುವ ನನ್ನ ಗಾಜಿನ ತೊಟ್ಟಿಗೆ ಒಂದೇ ವರ್ಷದಲ್ಲಿ ಎರಡು ಸಲ ಪಾಚಿ ಬಂತು. ಮೊದಲ ಸಲ ನೀರಿನಲ್ಲಿ ಗೊಬ್ಬರ, ಅಂದರೆ ನೈಟ್ರೇಟ್ ಮತ್ತು ಫಾಸ್ಫೇಟ್, ಜಾಸ್ತಿಯಾಗಿ. ಎರಡನೇ ಸಲ ಗೊಬ್ಬರ ಪೂರ್ತಿ ಖಾಲಿಯಾಗಿ. ಎರಡು ಸಲವೂ ನನಗೆ ಸಿಕ್ಕ ಸಲಹೆ ಮಾತ್ರ ಒಂದೇ: ನೀರು ಬದಲಿಸಿ, ಫಾಸ್ಫೇಟ್ ತೆಗೆಯಿರಿ, ಲೈಟ್ ಕಡಿಮೆ ಮಾಡಿ. ಮೊದಲ ಸಲ ಅದು ಅರ್ಧ ಸರಿಯಾಗಿತ್ತು. ಎರಡನೇ ಸಲ ಅದನ್ನೇ ಮಾಡಿ ಆರು ಬಸವನಹುಳು ಕಳೆದುಕೊಂಡೆ. ಹಾಗಾಗಿ ಇಲ್ಲಿ ಮದ್ದಿಗಿಂತ ಮೊದಲು ಗುರುತಿಸುವ ಕೆಲಸದ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ.

ತೊಟ್ಟಿಯ ವಿವರ ಇಷ್ಟು. 200 ಲೀಟರ್. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್, ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು. ಹವಳಗಳಲ್ಲಿ ಜೋವಾ, ಮಶ್ರೂಮ್, ಒಂದು ಲೆದರ್. ಎಲ್ಲಾ ಮೆತ್ತನೆ ಹವಳಗಳೇ. ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ನಮ್ಮ ಸಮುದ್ರದಿಂದ ಅವನ್ನು ತರುವಂತಿಲ್ಲ. ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಕಡೆಯಿಂದ ಒಂದು ಕಲ್ಲು ತಂದರೆ ಏನಾಗುತ್ತೆ ಅಂತ ಕೇಳುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ನನ್ನ ತೊಟ್ಟಿಯ ಕಲ್ಲು ಸೆರಾಮಿಕ್‌ನದು, ಎರಡು ವರ್ಷದಲ್ಲಿ ಬ್ಯಾಕ್ಟೀರಿಯಾ ನೆಲೆಸಿ ಅದೂ ಜೀವಂತವಾಗಿದೆ.

ಮೊದಲು ಕಣ್ಣು, ಕೈ, ಮೂಗು

ಟೆಸ್ಟ್ ಕಿಟ್ ತೆಗೆಯುವ ಮೊದಲು ಹತ್ತು ನಿಮಿಷ ತೊಟ್ಟಿಯ ಮುಂದೆ ಕುಳಿತುಕೊಳ್ಳಿ. ಬೆಳಿಗ್ಗೆ ಲೈಟ್ ಹತ್ತುವ ಮೊದಲು ಒಂದು ಸಲ, ರಾತ್ರಿ ಲೈಟ್ ಆರುವ ಮೊದಲು ಒಂದು ಸಲ. ಎರಡು ಹೊತ್ತೂ ಫೋಟೋ ತೆಗೆದಿಡಿ. ಬಣ್ಣ ಒಂದನ್ನೇ ನಂಬಿದರೆ ಖಂಡಿತ ಮೋಸ ಹೋಗುತ್ತೀರಿ, ಯಾಕೆಂದರೆ ಕಂದು ಬಣ್ಣದ ಲೋಳೆ ಮೂರು ಬೇರೆ ಬೇರೆ ಜೀವಿಗಳದ್ದಾಗಿರಬಹುದು, ಒಂದಕ್ಕೆ ಮಾಡುವ ಮದ್ದು ಇನ್ನೊಂದಕ್ಕೆ ಊಟ.

ಹೊಸ ತೊಟ್ಟಿ, ಮೊದಲ ಎರಡು ಮೂರು ತಿಂಗಳು, ಮರಳು ಮತ್ತು ಗಾಜಿನ ಮೇಲೆ ಕಾಫಿ ಪುಡಿ ಉದುರಿಸಿದ ಹಾಗೆ ಕಂದು ಪುಡಿ, ಬೆರಳಲ್ಲಿ ಒರೆಸಿದರೆ ಹೊಗೆಯ ಹಾಗೆ ಹಾರುತ್ತದೆ ಅಂದರೆ ಅದು ಡಯಾಟಮ್. ಸಿಲಿಕೇಟ್ ತಿಂದು ಬೆಳೆಯುತ್ತದೆ, ಮುಗಿದ ಮೇಲೆ ತಾನೇ ಹೋಗುತ್ತದೆ. ಏನೂ ಮಾಡಬೇಡಿ. ಹಳೆಯ ತೊಟ್ಟಿಯಲ್ಲಿ ಅದು ಮತ್ತೆ ಬಂದರೆ ಮಾತ್ರ ನೀರಿನ ಫಿಲ್ಟರ್ ಕಡೆ ನೋಡಿ.

ಕೆಂಪು ಅಥವಾ ಕಡುನೇರಳೆ ಹಾಳೆಯ ಹಾಗೆ ಹರಡಿದೆ, ತುದಿ ಹಿಡಿದರೆ ಹಾಲಿನ ಕೆನೆಯಂತೆ ಒಂದೇ ತುಂಡಾಗಿ ಏಳುತ್ತದೆ, ಮೂಗಿಗೆ ಹಿಡಿದರೆ ಕೆಟ್ಟ ವಾಸನೆ. ಇದು ಸಯಾನೊ. ನಿಜಕ್ಕೂ ಪಾಚಿಯೇ ಅಲ್ಲ, ಬೆಳಕಿನಿಂದ ಅಡುಗೆ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ನೀರು ನಿಂತಿರುವ ಮೂಲೆಯಲ್ಲಿ, ಕಸ ಕೂತಿರುವ ಮರಳಿನ ಮೇಲೆ ಶುರುವಾಗುತ್ತದೆ. ಪೈಪ್ ಹಾಕಿ ಹೀರಿ ತೆಗೆಯಿರಿ, ನೀರು ಅಲೆಯಾಡಿಸುವ ಪಂಪನ್ನು (ವೇವ್‌ಮೇಕರ್) ಆ ಮೂಲೆಗೆ ತಿರುಗಿಸಿ, ಮೂರು ದಿನ ಕತ್ತಲು ಕೊಡಿ. ಇಷ್ಟರಲ್ಲಿ ತುಂಬಾ ಸಲ ಮುಗಿಯುತ್ತದೆ. ಆ್ಯಂಟಿಬಯೋಟಿಕ್ ಸುರಿದರೆ ಎರಡೇ ದಿನದಲ್ಲಿ ಹೋಗುತ್ತದೆ ಅಂತಾರೆ. ಹೋಗುತ್ತದೆ, ನಿಜ. ಆದರೆ ಅಷ್ಟೂ ಒಟ್ಟಿಗೆ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಅದನ್ನು ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಹಸಿರು, ಎಳೆ ಎಳೆ, ಕೂದಲಿನ ಹಾಗೆ ಇದ್ದರೆ ಒಂದು ಜುಂಗು ಕಿತ್ತು ನೀರಿನಿಂದ ಹೊರಗೆ ತೆಗೆಯಿರಿ. ಆಕಾರವೇ ಇಲ್ಲದ ಮುದ್ದೆಯಾಗಿ ಅಂಗೈಗೆ ಅಂಟಿಕೊಂಡರೆ ಕೂದಲು ಪಾಚಿ. ನೀರೊಳಗೆ ಒಂದೊಂದು ಎಳೆಗೂ ನಡುವೆ ಒಂದು ದಂಟು, ಎರಡೂ ಬದಿಗೆ ಗರಿ, ಪುಟ್ಟ ಜರಿಗಿಡದ ಹಾಗೆ ಕಂಡರೆ ಬ್ರಯಾಪ್ಸಿಸ್. ಈ ವ್ಯತ್ಯಾಸ ಸಣ್ಣದು ಅನಿಸಬಹುದು. ಆದರೆ ನೀರು ಸರಿ ಮಾಡಿದರೆ ಮೊದಲನೆಯದು ಹೋಗುತ್ತದೆ, ಎರಡನೆಯದು ಅಲ್ಲಾಡುವುದೂ ಇಲ್ಲ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಕಂದು ಅಥವಾ ಚಹಾ ಬಣ್ಣದ ಲೋಳೆ, ನೆಗಡಿ ಬಂದಾಗಿನ ಸಿಂಬಳದ ಹಾಗೆ ಎಳೆ ಎಳೆಯಾಗಿ ತೇಲಾಡುತ್ತದೆ, ಎಳೆಯ ತುದಿಯಲ್ಲಿ ಗಾಳಿಗುಳ್ಳೆ. ಬೆಳಿಗ್ಗೆ ನೋಡಿದರೆ ಮರಳು ಶುಭ್ರ, ಸಂಜೆಗೆ ಮತ್ತೆ ಕಂಬಳಿ ಹೊದ್ದ ಹಾಗೆ. ಬಸವನಹುಳುಗಳು ಮಂಕಾಗಿ ಗಾಜಿನಿಂದ ಬೀಳುತ್ತವೆ. ಇದು ಡೈನೋ, ಪೂರ್ತಿ ಹೆಸರು ಡೈನೋಫ್ಲಾಜೆಲ್ಲೇಟ್. ಹೀಗೆ ಅನುಮಾನ ಬಂದರೆ ನೀರು ಬದಲಿಸುವುದನ್ನೂ ಫಾಸ್ಫೇಟ್ ತೆಗೆಯುವುದನ್ನೂ ಅವತ್ತೇ ನಿಲ್ಲಿಸಿ, ಮುಂದೆ ಓದಿ.

ನನ್ನ ಮೊದಲ ಕೇಸು: ಕೂದಲು ಪಾಚಿ

ಏಪ್ರಿಲ್ ಮೊದಲ ವಾರ ಕಲ್ಲಿನ ತುದಿಯಲ್ಲಿ ಒಂದು ಬೆರಳಗಲ ಹಸಿರು ಕಂಡಿತು. ಮೇ ಮುಗಿಯುವಷ್ಟರಲ್ಲಿ ಜೋವಾಗಳು ಕೂದಲೊಳಗೆ ಮುಳುಗಿ ಬಾಯಿ ಮುಚ್ಚಿಕೊಂಡಿದ್ದವು. ಟೆಸ್ಟ್ ಮಾಡಿದೆ. ಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ ನೈಟ್ರೇಟ್ 2, ಫಾಸ್ಫೇಟ್ 0.03. ಎರಡೂ ಚೆನ್ನಾಗಿಯೇ ಇದೆ ಅಲ್ವಾ? ಇಲ್ಲೇ ಎಲ್ಲರೂ ಎಡವುವುದು. ಕಿಟ್ ತೋರಿಸುವುದು ನೀರಿನಲ್ಲಿ ಉಳಿದಿರುವುದನ್ನು ಮಾತ್ರ. ಪಾಚಿಯ ಹೊಟ್ಟೆಯೊಳಗೆ ಹೋಗಿರುವುದನ್ನು ಅದು ಎಣಿಸುವುದಿಲ್ಲ. ತೊಟ್ಟಿ ತುಂಬ ಪಾಚಿ ಇದ್ದು ನಂಬರ್ ಕಡಿಮೆ ಬಂದರೆ, ಎಲ್ಲಿಂದಲೋ ಪ್ರತಿದಿನ ಗೊಬ್ಬರ ಬರುತ್ತಿದೆ, ಬಂದದ್ದನ್ನು ಪಾಚಿ ಅವತ್ತೇ ತಿಂದು ಮುಗಿಸುತ್ತಿದೆ ಅಂತ ಅರ್ಥ.

ಹಾಗಾದರೆ ಎಲ್ಲಿಂದ? ನಾನು ಒಂದೊಂದಾಗಿ ತೆಗೆದು ನೋಡಿದೆ. ಮೀನಿಗೆ ಹಾಕುವ ಊಟ ಬದಲಾಗಿರಲಿಲ್ಲ. ಫ್ರೋಜನ್ ಮೈಸಿಸ್ (ಪುಟ್ಟ ಸಿಗಡಿಯಂಥ ಜೀವಿ) ತೊಳೆದೇ ಹಾಕುತ್ತಿದ್ದೆ. ಸತ್ತ ಮೀನು ಇಲ್ಲ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಕಪ್ಪು ನೊರೆ ಕೊಡುತ್ತಿತ್ತು. ಲೈಟ್ ದಿನಕ್ಕೆ 8 ಗಂಟೆ, ಒಂದು ವರ್ಷದಿಂದ ಅಷ್ಟೇ. ಕಲ್ಲು ಸೆರಾಮಿಕ್, ಅದರಿಂದ ಫಾಸ್ಫೇಟ್ ಬಿಡುಗಡೆಯಾಗುವುದಿಲ್ಲ. ನಿಮ್ಮದು ಸಮುದ್ರದಿಂದ ಬಂದು ಒಣಗಿದ ಹಳೆಯ ಕಲ್ಲಾದರೆ ಇದನ್ನೇ ಮೊದಲು ಅನುಮಾನಿಸಿ. ಅದನ್ನು ಬಕೆಟ್‌ನಲ್ಲಿ ಉಪ್ಪುನೀರಲ್ಲಿ ವಾರ ಇಟ್ಟು ಆ ನೀರಿನ ಫಾಸ್ಫೇಟ್ ನೋಡಿದರೆ ಗೊತ್ತಾಗಿಬಿಡುತ್ತದೆ. ಉಳಿದದ್ದು ಒಂದೇ, ನೀರು. ಅದರ ಮೇಲೆ ನನಗೆ ಅನುಮಾನವೇ ಇರಲಿಲ್ಲ, ಯಾಕೆಂದರೆ ಅಡುಗೆಮನೆಯ ಆರ್‌ಓದಿಂದಲೇ ಹಿಡಿಯುತ್ತಿದ್ದೆ. "ನಾವೇ ಕುಡಿಯೋ ನೀರು, ಮೀನಿಗೇನಾಗತ್ತೆ?" ಅಂತ ಅಮ್ಮ ಕೇಳಿದ್ದೂ ನ್ಯಾಯವಾಗಿಯೇ ಇತ್ತು.

ನೀರಿನಲ್ಲಿ ಕರಗಿರುವ ಲವಣ ಎಷ್ಟು ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದೆ. ಬೋರ್‌ವೆಲ್ ನೀರು 840. ಆರ್‌ಓದಿಂದ ಬಂದದ್ದು 92.

ಮನೆಯ ಆರ್‌ಓ ಮೆಷಿನ್‌ಗಳಲ್ಲಿ ತುಂಬಾ ಮಟ್ಟಿಗೆ ಟಿಡಿಎಸ್ ಕಂಟ್ರೋಲರ್ ಅಂತ ಒಂದು ಪುಟ್ಟ ತಿರುಗಣೆ ಇರುತ್ತದೆ. ಶುದ್ಧವಾದ ನೀರು ಸಪ್ಪೆ ಅನಿಸಬಾರದು ಅಂತ, ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಅದಕ್ಕೆ ವಾಪಸ್ ಬೆರೆಸುವುದು ಅದರ ಕೆಲಸ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಬೇರೆ. ಕುಡಿಯುವವರಿಗೆ ಅದು ಒಳ್ಳೆಯದೇ. ಹವಳದ ತೊಟ್ಟಿಗೆ ಅಲ್ಲ. ನಮ್ಮ ರಾಜ್ಯದ ಎಷ್ಟೋ ಕಡೆ ಅಂತರ್ಜಲದಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ ಲೀಟರ್‌ಗೆ 45 ಮಿಲಿಗ್ರಾಂ ದಾಟಿರುತ್ತದೆ. ಬೇರೆ ಎಷ್ಟೋ ಲವಣಗಳಿಗೆ ಹೋಲಿಸಿದರೆ ನೈಟ್ರೇಟನ್ನು ಮೆಂಬ್ರೇನ್ ತಡೆಯುವುದೂ ಸ್ವಲ್ಪ ಕಡಿಮೆಯೇ. ನನ್ನ ಆರ್‌ಓ ನೀರಿಗೆ ನೈಟ್ರೇಟ್ ಟೆಸ್ಟ್ ಹಾಕಿದರೆ 5 ಬಂತು.

ಐದು ಅಂದರೆ ಏನು ಮಹಾ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ. ಏಪ್ರಿಲ್‌ನಲ್ಲಿ ತೊಟ್ಟಿ ಬಿಸಿಯಾಗುತ್ತದೆ ಅಂತ ಸಂಪ್ ಮೇಲೆ ಎರಡು ಫ್ಯಾನ್ ಇಟ್ಟಿದ್ದೆ. ಸಂಪ್ ಅಂದರೆ ಇಲ್ಲಿ ತೊಟ್ಟಿಯ ಕೆಳಗಿನ ಫಿಲ್ಟರ್ ತೊಟ್ಟಿ. ಫ್ಯಾನ್ ಇಟ್ಟರೆ ತಣ್ಣಗಾಗುವುದು ನೀರು ಆವಿಯಾಗುವುದರಿಂದಲೇ. ದಿನಕ್ಕೆ 4 ಲೀಟರ್ ಆರುತ್ತಿತ್ತು, ಅಷ್ಟನ್ನೂ ಈ ನೀರಿನಿಂದ ತುಂಬುತ್ತಿದ್ದೆ. ಆವಿಯಾಗಿ ಹೋಗುವುದು ಬರೀ ನೀರು. ನೈಟ್ರೇಟ್ ಎಲ್ಲೂ ಹೋಗುವುದಿಲ್ಲ, ಒಳಗೇ ಉಳಿಯುತ್ತದೆ. 4 ಲೀಟರ್‌ಗೆ 20 ಮಿಲಿಗ್ರಾಂ, 200 ಲೀಟರ್ ತೊಟ್ಟಿಗೆ ದಿನಕ್ಕೆ 0.1, ತಿಂಗಳಿಗೆ 3. ಇದು ನೈಟ್ರೇಟ್ ಒಂದರ ಲೆಕ್ಕ. ಜೊತೆಗೆ ಬರುವ ಸಿಲಿಕೇಟ್, ಫಾಸ್ಫೇಟ್ ಬೇರೆ. ಪಾಚಿ ಬೇಸಿಗೆಯಲ್ಲೇ ಯಾಕೆ ಶುರುವಾಯಿತು ಅನ್ನುವುದಕ್ಕೆ ಉತ್ತರ ಆ ಫ್ಯಾನ್‌ಗಳಲ್ಲಿತ್ತು.

ತಿರುಗಣೆ ಪೂರ್ತಿ ಮುಚ್ಚಿದ ಮೇಲೆ ಟಿಡಿಎಸ್ 38ಕ್ಕೆ ಇಳಿಯಿತು. ಅದೂ ಸಾಲದು. ಆಮೇಲೆ ತೊಟ್ಟಿಗೆಂದೇ ಬೇರೆ ಲೈನ್ ಮಾಡಿಸಿದೆ, ಮೆಂಬ್ರೇನ್ ನಂತರ, ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಇರುವ ಒಂದು ಕ್ಯಾನಿಸ್ಟರ್. ಈಗ ಸೊನ್ನೆ. ಅಡುಗೆಮನೆಯ ಮೆಷಿನ್ ಅನ್ನು ಮನೆಯವರಿಗೆ ಬೇಕಾದ ಹಾಗೆ ಬಿಟ್ಟುಕೊಡಿ, ಎರಡನ್ನೂ ಬೆರೆಸಲು ಹೋಗಬೇಡಿ.

ಮೂಲ ಮುಚ್ಚಿದ ಮೇಲೆ ಇದ್ದ ಪಾಚಿ ಕೀಳಬೇಕು. ಕೈಯಿಂದಲೇ. ಬೇರೆ ದಾರಿ ಇಲ್ಲ. ಕಲ್ಲನ್ನು ತೊಟ್ಟಿಯಿಂದ ತೆಗೆದು, ತೊಟ್ಟಿಯದೇ ನೀರು ತುಂಬಿದ ಬಕೆಟ್‌ನಲ್ಲಿ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿದೆ. ಬುಡಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಎರಡು ನಿಮಿಷ ಬಿಟ್ಟು ತೊಳೆದೆ. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದು ಸಾಮಾನ್ಯವಾಗಿ 6 ಪರ್ಸೆಂಟ್‌ನದು, ಅಷ್ಟೇ ಆರ್‌ಓ ನೀರು ಬೆರೆಸಿ 3 ಮಾಡಿಕೊಳ್ಳಿ, ಹವಳಕ್ಕೆ ತಾಗಿಸಬೇಡಿ. ಜೋವಾ ಇರುವ ಕಲ್ಲಾದರೆ ಗ್ಲೌಸ್ ಮತ್ತು ಕನ್ನಡಕ ಕಡ್ಡಾಯ. ಕೆಲವು ಜೋವಾಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ, ಉಜ್ಜುವಾಗ ಕಣ್ಣಿಗೆ ಸಿಡಿಯಬಹುದು. ಆ ಕಲ್ಲಿಗೆ ಬಿಸಿನೀರು ಯಾವತ್ತೂ ಹಾಕಬೇಡಿ.

ಕಲ್ಲು ಬೋಳಾದ ಮೇಲೆ ಬಸವನಹುಳು ಬಿಟ್ಟೆ. ಉದ್ದ ಬೆಳೆದ ಪಾಚಿಯನ್ನು ಅವು ಮುಟ್ಟುವುದೂ ಇಲ್ಲ, ಚಿಗುರನ್ನು ಮಾತ್ರ ಮೇಯುತ್ತವೆ. ಮೊದಲು ಕಳೆ ಕಿತ್ತು ಆಮೇಲೆ ದನ ಬಿಡಬೇಕು, ಆ ಕ್ರಮ ತಪ್ಪಿದರೆ ಹುಳಕ್ಕೆ ಕೊಟ್ಟ ದುಡ್ಡು ದಂಡ.

ಎರಡನೇ ಕೇಸು: ಡೈನೋ

ಜುಲೈಗೆ ತೊಟ್ಟಿ ಚೆನ್ನಾಗಾಯಿತು. ಅಲ್ಲಿಗೇ ಬಿಡಬೇಕಿತ್ತು. ಕೂದಲು ಮತ್ತೆ ಬರಬಾರದು ಅನ್ನುವ ಭಯಕ್ಕೆ ಫಾಸ್ಫೇಟ್ ಹೀರುವ ಕಬ್ಬಿಣದ ಹರಳುಗಳನ್ನು (ಫಾಸ್ಫೇಟ್ ಮೀಡಿಯಾ) ರಿಯಾಕ್ಟರ್, ಅಂದರೆ ನೀರು ಹಾಯಿಸುವ ಡಬ್ಬಿ, ತುಂಬ ಹಾಕಿದೆ, ಪ್ಯಾಕೆಟ್‌ನಲ್ಲಿ ಹೇಳಿದ್ದಕ್ಕಿಂತ ಜಾಸ್ತಿಯೇ. ಮೂರು ವಾರದಲ್ಲಿ ನೈಟ್ರೇಟ್ 0, ಫಾಸ್ಫೇಟ್ 0.00. ಅವತ್ತು ಖುಷಿಪಟ್ಟೆ. ನಾಲ್ಕನೇ ವಾರ ಮರಳ ಮೇಲೆ ಕಂದು ಲೋಳೆ.

ಯಾಕೆ ಹೀಗಾಗುತ್ತದೆ ಅನ್ನುವುದು ಅರ್ಥವಾದರೆ ಮದ್ದು ತಾನೇ ಹೊಳೆಯುತ್ತದೆ. ಕಲ್ಲು, ಮರಳಿನ ಜಾಗಕ್ಕೆ ಯಾವಾಗಲೂ ಪೈಪೋಟಿ ಇರುತ್ತದೆ. ಬ್ಯಾಕ್ಟೀರಿಯಾ, ಡಯಾಟಮ್, ಸಣ್ಣ ಹಸಿರು ಪಾಚಿ ಎಲ್ಲಾ ಒಬ್ಬರನ್ನೊಬ್ಬರು ತಳ್ಳಿಕೊಂಡು ಇರುತ್ತವೆ. ಗೊಬ್ಬರ ಸೊನ್ನೆಯಾದಾಗ ಇವೆಲ್ಲ ಸೊರಗುತ್ತವೆ. ಡೈನೋಗಳಲ್ಲಿ ಎಷ್ಟೋ ಜಾತಿಗಳು ಬೆಳಕಿನಿಂದಲೂ ಬದುಕುತ್ತವೆ, ಬೇರೆ ಸಣ್ಣ ಜೀವಿಗಳನ್ನು ತಿಂದೂ ಬದುಕುತ್ತವೆ. ಊರು ಖಾಲಿಯಾದಾಗ ಉಳಿಯುವುದು ಅವೇ. ಆಗ ನೀರು ಬದಲಿಸಿದರೆ ಉಳಿದವರ ಊಟವನ್ನೂ ಕಿತ್ತುಕೊಂಡ ಹಾಗೆ. ನಾನು ಅದನ್ನೇ ಮಾಡಿದೆ, ಮೂರು ದಿನಕ್ಕೊಮ್ಮೆ 20 ಲೀಟರ್. ಪ್ರತಿ ಸಲವೂ ಲೋಳೆ ದಪ್ಪವಾಯಿತು.

ಡೈನೋ ಅಂದರೆ ಕೇಡು ಅಂತಲೂ ಅಲ್ಲ, ಅದು ದೊಡ್ಡ ಕುಲ. ಹವಳದ ಮೈಯೊಳಗೆ ಕುಳಿತು ಅದಕ್ಕೆ ಊಟ ಕೊಡುವುದೂ ಇದೇ ಕುಲದ ಜೀವಿ. 2020ರ ಕೊನೆಯಲ್ಲಿ ನಮ್ಮ ಕರಾವಳಿಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದವಲ್ಲ, ಆ ನಾಕ್ಟಿಲೂಕಾ ಕೂಡ ಡೈನೋನೇ. ತೊಟ್ಟಿಗೆ ಡೈನೋ ಕೊಲ್ಲುವ ಔಷಧಿ ಹಾಕಿದರೆ ಹವಳದೊಳಗಿನವಕ್ಕೂ ಪೆಟ್ಟು ಬೀಳಬಹುದು ಅನ್ನುವುದು ಇದರಿಂದಲೇ.

ಡೈನೋ ಹೌದೋ ಅಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನ ಜೊತೆ ಸಣ್ಣ ಬಾಟಲಿಗೆ ಹೀರಿಕೊಳ್ಳಿ. ಎಳೆಗಳೆಲ್ಲ ಒಡೆಯುವ ತನಕ ಜೋರಾಗಿ ಕುಲುಕಿ. ಕಾಗದದ ಕಾಫಿ ಫಿಲ್ಟರ್‌ನಲ್ಲಿ ಸೋಸಿ, ನಮ್ಮ ಸ್ಟೀಲ್ ಫಿಲ್ಟರ್ ಇದಕ್ಕೆ ಆಗುವುದಿಲ್ಲ. ಕಾಗದ ಸಿಗದಿದ್ದರೆ ದಪ್ಪ ಟಿಶ್ಯೂ ಸಾಕು. ಸೋಸಿ ಬಂದ ತಿಳಿನೀರನ್ನು ಗಾಜಿನ ಲೋಟದಲ್ಲಿ ಲೈಟ್ ಕೆಳಗೆ ಒಂದು ಗಂಟೆ ಇಡಿ. ಒಂಟಿ ಒಂಟಿಯಾಗಿ ಕಾಗದ ದಾಟಿ ಬಂದ ಡೈನೋಗಳು ಮತ್ತೆ ಒಟ್ಟು ಸೇರಿ ಎಳೆ ಕಟ್ಟುತ್ತವೆ. ಬೇರೆ ಏನಾದರೂ ಆಗಿದ್ದರೆ ನೀರು ಹಾಗೇ ಇರುತ್ತದೆ. ನನ್ನ ಲೋಟದಲ್ಲಿ ನಲವತ್ತು ನಿಮಿಷಕ್ಕೆ ಎಳೆ ಕಂಡಿತು.

ಇಷ್ಟಕ್ಕೇ ನಿಲ್ಲಿಸದೆ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಶಾಲೆಯ ಮಕ್ಕಳ ಲ್ಯಾಬ್‌ನದು, 400 ಪಟ್ಟು ದೊಡ್ಡದು ಮಾಡುವಂಥದ್ದು ಸಾಕು. ಯಾವ ಜಾತಿ ಅನ್ನುವುದರ ಮೇಲೆ ಮದ್ದು ಬದಲಾಗುತ್ತದೆ. ಹನಿಯ ಅಥವಾ ಬಾದಾಮಿಯ ಆಕಾರ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಒಂದೇ ಜಾಗದಲ್ಲಿ ಸುತ್ತು ಹಾಕುತ್ತಿದ್ದರೆ ಆಸ್ಟ್ರಿಯಾಪ್ಸಿಸ್. ಇದು ರಾತ್ರಿ ಮರಳು ಬಿಟ್ಟು ನೀರಿಗೆ ಏಳುತ್ತದೆ, ಹಾಗಾಗಿ ಹಾದುಹೋಗುವ ನೀರಿನಲ್ಲಿನ ಸೂಕ್ಷ್ಮಜೀವಿ ಕೊಲ್ಲುವ ಯುವಿ ಲ್ಯಾಂಪ್‌ಗೆ ಸಿಗುತ್ತದೆ. ಚಪ್ಪಟೆ, ಮೊಟ್ಟೆಯಾಕಾರ, ಮರಳಿನ ಮೇಲೆ ಸರಾಗ ಜಾರಿಕೊಂಡು ಹೋಗುತ್ತಿದ್ದರೆ ಆಂಫಿಡಿನಿಯಮ್. ಅದು ಮರಳು ಬಿಟ್ಟು ಏಳುವುದೇ ಕಡಿಮೆ, ಯುವಿಗೆ ಕೊಟ್ಟ ಹಣ ವ್ಯರ್ಥ. ಅದಕ್ಕೆ ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ ಜಾಗ ಕಸಿಯುವ ದಾರಿಯೇ ವಾಸಿ.

ನನ್ನದು ಆಸ್ಟ್ರಿಯಾಪ್ಸಿಸ್. ಇದರಲ್ಲೂ ಪ್ಯಾಲಿಟಾಕ್ಸಿನ್ ಜಾತಿಯ ವಿಷ ಇದೆ. 2005ರಲ್ಲಿ ಇಟಲಿಯ ಜಿನೋವಾ ತೀರದಲ್ಲಿ ಇದು ವಿಪರೀತ ಬೆಳೆದು, ಗಾಳಿಗೆ ಬಂದ ತುಂತುರಿನಿಂದಲೇ ಸುಮಾರು 200 ಜನ ಜ್ವರ, ಕೆಮ್ಮು ಅಂತ ಚಿಕಿತ್ಸೆಗೆ ಆಸ್ಪತ್ರೆಗೆ ಹೋಗಿದ್ದರು. ನಿಮ್ಮ ತೊಟ್ಟಿಯಲ್ಲಿ ಅಷ್ಟು ಇರುವುದಿಲ್ಲ, ಗಾಬರಿ ಬೇಡ. ಆದರೆ ಪೈಪನ್ನು ಬಾಯಲ್ಲಿ ಎಳೆದು ಸೈಫನ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ನನ್ನ ಬಸವನಹುಳುಗಳು ಸತ್ತದ್ದು ಈ ಲೋಳೆ ಮೇಯ್ದೇ.

ಮಾಡಿದ್ದು ಇಷ್ಟು. ಫಾಸ್ಫೇಟ್ ಮೀಡಿಯಾ ತೆಗೆದೆ. ನೀರು ಬದಲಿಸುವುದು ಪೂರ್ತಿ ಬಂದ್. ಗೊಬ್ಬರ ವಾಪಸ್ ಹಾಕಿದೆ. ಪ್ಲಾಂಟೆಡ್ ಟ್ಯಾಂಕ್ (ನೀರುಗಿಡ ಬೆಳೆಸುವ ತೊಟ್ಟಿ) ಇಟ್ಟವರು ಬಳಸುವ ಪೊಟ್ಯಾಶಿಯಂ ನೈಟ್ರೇಟ್, 200 ಲೀಟರ್‌ಗೆ 0.33 ಗ್ರಾಂ ಹಾಕಿದರೆ ನೈಟ್ರೇಟ್ 1 ಏರುತ್ತದೆ. ದಿನಕ್ಕೆ ಅಷ್ಟೇ, 5 ಮುಟ್ಟುವ ತನಕ. ಮಾನೋಪೊಟ್ಯಾಶಿಯಂ ಫಾಸ್ಫೇಟ್ 14 ಮಿಲಿಗ್ರಾಂ ಹಾಕಿದರೆ ಅದೇ ತೊಟ್ಟಿಗೆ 0.05 ಏರಬೇಕು. ಇಷ್ಟು ಸಣ್ಣ ತೂಕ ಮನೆಯ ತಕ್ಕಡಿಗೆ ಸಿಗುವುದಿಲ್ಲ, ಒಂದು ಲೀಟರ್ ಆರ್‌ಓ ನೀರಿನಲ್ಲಿ 1.4 ಗ್ರಾಂ ಕರಗಿಸಿಟ್ಟು ಅದರಲ್ಲಿ 10 ಎಂಎಲ್ ಹಾಕಿ. ಮೊದಲ ಎರಡು ವಾರ ಇವತ್ತು ಹಾಕಿದ ಫಾಸ್ಫೇಟ್ ನಾಳೆ ಟೆಸ್ಟ್‌ನಲ್ಲಿ ಕಾಣುವುದೇ ಇಲ್ಲ. ಹಸಿದ ಕಲ್ಲು ಮರಳು ಅದನ್ನು ಹೀರಿಕೊಳ್ಳುತ್ತವೆ. ಕೈ ಬಿಡಬೇಡಿ, ದಿನಾ ಟೆಸ್ಟ್ ಮಾಡಿ ದಿನಾ ಹಾಕಿ, ಒಂದೇ ಸಲ ಜಾಸ್ತಿ ಸುರಿಯಬೇಡಿ. ಜೊತೆಗೆ 18 ವಾಟ್ ಯುವಿಯನ್ನು ಸಂಪ್‌ನಲ್ಲಿ ಇಡದೆ ಮುಖ್ಯ ತೊಟ್ಟಿಯ ನೀರನ್ನೇ ನೇರ ಎಳೆಯುವ ಹಾಗೆ ಕಟ್ಟಿದೆ. ಮೊದಲ ಮೂರು ದಿನ ಲೈಟ್ ಆರಿಸಿ, ಗಾಜಿಗೆ ಹಳೆಯ ಬೆಡ್‌ಶೀಟ್ ಹೊದಿಸಿದೆ. ಸತ್ತ ಡೈನೋ ಬಿಡುವ ವಿಷಕ್ಕೆ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ, ವಾರಕ್ಕೊಮ್ಮೆ ಬದಲಿಸಿದೆ.

ಹತ್ತನೇ ದಿನಕ್ಕೆ ಎಳೆ ತೆಳುವಾಯಿತು. ಮೂರನೇ ವಾರ ಗಾಜಿನ ಮೇಲೆ ಹಸಿರು ಮಬ್ಬು ಬಂತು, ಅದನ್ನು ನೋಡಿ ಆದ ಸಮಾಧಾನ ಹೇಳಲಾರೆ. ಹಸಿರು ಬಂತು ಅಂದರೆ ಜಾಗಕ್ಕೆ ಬೇರೆಯವರು ವಾಪಸ್ ಬಂದರು ಅಂತ. ಒರೆಸದೆ ಬಿಟ್ಟೆ. ಆರನೇ ವಾರ ಮೈಕ್ರೋಸ್ಕೋಪ್‌ನಲ್ಲಿ ಹುಡುಕಿದರೂ ಒಂದೂ ಸಿಗಲಿಲ್ಲ.

ಉಳಿದ ಎರಡು

ಬ್ರಯಾಪ್ಸಿಸ್‌ಗೆ ಹವ್ಯಾಸಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿರುವುದು ಫ್ಲುಕೊನಝೋಲ್, ಮನುಷ್ಯರಿಗೆ ಫಂಗಸ್‌ಗೆ ಕೊಡುವ ಮಾತ್ರೆ. ಲೀಟರ್‌ಗೆ ಸುಮಾರು 5 ಮಿಲಿಗ್ರಾಂ ಲೆಕ್ಕ, ಅಂದರೆ 150 ಮಿಲಿಗ್ರಾಂನ ಒಂದು ಮಾತ್ರೆ ಸುಮಾರು 30 ಲೀಟರ್‌ಗೆ. ಲೆಕ್ಕಕ್ಕೆ ನೀರಿನ ನಿಜವಾದ ಅಳತೆ ಹಿಡಿಯಿರಿ, ಕಲ್ಲು ಮರಳಿನ ಜಾಗ ಕಳೆಯಿರಿ. ಕಾರ್ಬನ್ ತೆಗೆದು, ನೀರು ಬದಲಿಸದೆ ಎರಡು ವಾರ ಬಿಡಬೇಕು. ಮೊದಲ ವಾರ ಏನೂ ಆಗಿಲ್ಲ ಅನಿಸುತ್ತದೆ, ಇನ್ನೊಂದು ಡೋಸ್ ಹಾಕಬೇಡಿ. ಡೈನೋಗಾಗಲಿ ಸಯಾನೊಗಾಗಲಿ ಇದು ಏನೂ ಮಾಡುವುದಿಲ್ಲ.

ಗುಳ್ಳೆ ಪಾಚಿ, ಹೊಳೆಯುವ ಹಸಿರು ಮಣಿಗಳ ಹಾಗೆ ಇರುವ ವಲೋನಿಯಾ, ಒಂದೊಂದು ಗುಳ್ಳೆಯೂ ಒಂದೇ ಜೀವಕೋಶ. ತೊಟ್ಟಿಯೊಳಗೆ ಒಡೆಯದೆ ಬುಡಸಮೇತ ಎಬ್ಬಿಸಿ, ಪಕ್ಕದಲ್ಲೇ ಪೈಪ್ ಹಿಡಿದುಕೊಂಡು ಹೀರಿ. ಹೊಸ ಹವಳದ ತುಂಡಿನ ಜೊತೆಯೇ ಇದು ಬರುವುದು ಜಾಸ್ತಿ. ಕಲ್ಲಿಗೆ ಅಂಟಿಸುವ ಮೊದಲು ಬುಡವನ್ನು ಒಂದು ಸಲ ಟಾರ್ಚ್ ಹಾಕಿ ನೋಡಿಬಿಡಿ.

ಈಗ ನನ್ನ ತೊಟ್ಟಿಯಲ್ಲಿ ನೈಟ್ರೇಟ್ 5ರಿಂದ 8, ಫಾಸ್ಫೇಟ್ 0.05ರಿಂದ 0.08 ಇರುವ ಹಾಗೆ ನೋಡಿಕೊಳ್ಳುತ್ತೇನೆ. ಸೊನ್ನೆ ಬೇಕಿರುವುದು ತುಂಬುವ ನೀರಿನ ಟಿಡಿಎಸ್‌ನಲ್ಲಿ ಮಾತ್ರ. ಕ್ಯಾನ್ ತುಂಬುವಾಗಲೆಲ್ಲ ಮೀಟರ್ ಅದ್ದುತ್ತೇನೆ, 2 ತೋರಿಸಿದ ದಿನ ರೆಸಿನ್ ಬದಲಿಸುತ್ತೇನೆ. ಟ್ಯಾಂಕರ್ ಬರುವ ತಿಂಗಳುಗಳಲ್ಲಿ ರೆಸಿನ್ ಅರ್ಧ ಸಮಯವೂ ಬರುವುದಿಲ್ಲ, ಮಾರ್ಚ್‌ಗೆ ಮೊದಲೇ ಒಂದು ಪ್ಯಾಕೆಟ್ ಜಾಸ್ತಿ ತಂದಿಟ್ಟುಕೊಳ್ಳಿ.